ಅಡುಗೆ ಕೋಣೆಯಿಂದ ಅಕ್ಕೋರಿಗೆ

ಬನ್ನಿ ಅಕ್ಕೋರೆ, ಬಾಗಿಲಲ್ಲೇ ಯಾಕೆ ನಿಂತಿರಿ.
ಹಂಡೆ ತಿಕ್ಕುತ್ತಿದ್ದೇನೆ, ಮಸಿ ತಾಗೀತು,
ಆ ಅಕ್ಕಿಚೀಲದ ಮೇಲೆ ಕೂತುಕೊಳ್ಳಿ.
ಶಾಲೆ ತೆರೆಯುವುದು ನಾಳೆ; ನೀವು ಇವತ್ತೇ ಬಂದು
ಮೂರು ಸಲ ಕಪಾಟು ತೆಗೆದು ಮೂರು ಸಲ ಬೀಗ ಹಾಕಿದ್ದು
ಇಲ್ಲಿಗೆ ಕೇಳಿಸಿತು.

ನನಗೆ ಕೇಳಿಸದ್ದು ಏನಿದೆ ಹೇಳಿ,
ನಡುವೆ ಇರುವುದು ಒಂದೇ ಗೋಡೆ, ಅದೂ ಅರ್ಧಕ್ಕೆ ನಿಂತದ್ದು.
ಹದಿನೇಳು ವರ್ಷದ ಮಗ್ಗಿ ಈ ಕಡೆಗೆ ಉದುರಿ
ಸಾರಿನೊಳಗೆ ಬಿದ್ದಿದೆ.
ಹನ್ನೆರಡರ ತನಕ ನನಗೂ ಬಾಯಿಪಾಠ;
ಹದಿಮೂರಕ್ಕೆ ಯಾವಾಗಲೂ ಅನ್ನ ಉಕ್ಕುತ್ತದೆ.

ಹೋದ ವರ್ಷ ರೋಣದ ಕಡೆಯಿಂದ ಬಂದಿರಿ.
ಸಮುದ್ರ ಇದೇ ಮೊದಲು ನೋಡಿದ್ದು ಅಂದಿರಿ,
ಅದರ ಸದ್ದಿಗೆ ನಿದ್ದೆ ಹತ್ತುವುದಿಲ್ಲ ಅಂದಿರಿ.
ನೀವು "ಹೌದ್ರಿ" ಅಂದರೆ ಹುಡುಗರು ಮುಸಿಮುಸಿ ನಕ್ಕರು,
ಅವರು ಕೊಂಕಣಿಯಲ್ಲಿ ಏನೋ ಅಂದರೆ
ಬೈದರೋ ಹೊಗಳಿದರೋ ತಿಳಿಯದೆ ನೀವು ನನ್ನ ಮುಖ ನೋಡಿದಿರಿ.
(ಹೊಗಳಿರಲಿಲ್ಲ. ಈಗ ಹೇಳಬಹುದು.)

ನಿಮ್ಮ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು ಅದಲ್ಲ, ಗೊತ್ತು.
ರೋಹಿದಾಸನ ಪಾಟಿ ಕಸಿದು ಎಸೆದ ದಿನ.
ಐದು ತಿಂಗಳು ತಿದ್ದಿಸಿದರೂ ಒಂದು ಒತ್ತಕ್ಷರ ಬರಲಿಲ್ಲವೆಂದು
ಹಂಚು ಅದುರುವಂತೆ ಕೂಗಿ, ಇಲ್ಲಿಗೆ ಬಂದು
ಉಪ್ಪಿನ ಡಬ್ಬಿಯ ಪಕ್ಕ ನಿಂತಿರಿ. ಮಾತಿಲ್ಲ.
ನಾನು ಏನೂ ಕೇಳದೆ ಈರುಳ್ಳಿ ಬುಟ್ಟಿ, ಈಳಿಗೆ ಮುಂದಿಟ್ಟೆ.
ಅವತ್ತಿನ ಸಾರಿಗೆ ಅಷ್ಟು ಈರುಳ್ಳಿ ಬೇಕಿರಲಿಲ್ಲ.

ನನ್ನ ಮೊದಲ ವರ್ಷ ಕೇಳಿ.
ಮನೆಯಲ್ಲಿ ಐದು ಜನಕ್ಕೆ ಬೇಯಿಸಿದ ಕೈ,
ಇಲ್ಲಿ ಅರವತ್ತೆರಡು ಬಟ್ಟಲು.
ಸಾಣಿಕಟ್ಟಾದ ಉಪ್ಪು, ಹಿಡಿಹಿಡಿ ಹಾಕಿದೆ,
ಹಾಕಿದ್ದು ಮರೆತು ಮತ್ತೆ ಹಾಕಿದೆ.
ಮಕ್ಕಳು ಸೊಲ್ಲೆತ್ತದೆ ಉಂಡು
ಬೋರ್‌ವೆಲ್ಲಿನ ಮುಂದೆ ಸಾಲು ನಿಂತವು.
ರಾತ್ರಿಯೆಲ್ಲ ಆ ಸಾಲು ಕಣ್ಣಮುಂದೆ.

ಎರಡನೇ ವರ್ಷ ಸರಿಹೋಯಿತು ಅಂತ ಹೇಳಲೇ?
ಸುಳ್ಳಾಗುತ್ತದೆ.
ಎರಡನೇ ವರ್ಷ ಹೆದರಿ ಹೆದರಿ ಚಮಚದಲ್ಲಿ ಅಳೆದೆ,
ಇಡೀ ವರ್ಷ ಸಪ್ಪೆ ಉಂಡವು, ಪಾಪ.
ನೀವೂ ಈ ಸಲ ಹಾಗೆಯೇ ಮಾಡುತ್ತೀರಿ:
ದನಿ ಏರಿಸಲು ಅಂಜುತ್ತೀರಿ, ನಗಲೂ ಅಂಜುತ್ತೀರಿ.
ಮಾಡಿ, ಅಡ್ಡಿಯಿಲ್ಲ.
ಸಪ್ಪೆ ಉಂಡ ಆ ಮಕ್ಕಳೇ ಈಗ ಬಂದರಿನಲ್ಲಿ ಬಲೆ ಎಳೆಯುತ್ತಾರೆ,
ನನ್ನನ್ನು ಕಂಡರೆ ಬುಟ್ಟಿಗೆ ನಾಲ್ಕು ಬಂಗಡೆ ಹಾಕಿ ಹೋಗುತ್ತಾರೆ.
ಉಪ್ಪಿನ ಮಾತು ಯಾರೂ ಎತ್ತಿಲ್ಲ.
ತಾರಾಮತಿಯ ಮಗನೊಬ್ಬ ಎತ್ತುತ್ತಾನೆ,
ಅವನು ಎಲ್ಲದಕ್ಕೂ ಎತ್ತುತ್ತಾನೆ.

ಇನ್ನೊಂದಿದೆ. ಹೇಳಬೇಕೋ ಬೇಡವೋ.
ಮೊನ್ನೆ ಬೇಲೆಕೇರಿಯಲ್ಲಿ ಬೋಟುಗಳನ್ನು ದಡಕ್ಕೆ ಹತ್ತಿಸಿದರು,
ಮಳೆಗಾಲಕ್ಕೆ ಅವಕ್ಕೆ ರಜೆ ಶುರು, ನಿಮ್ಮದು ಮುಗಿಯಿತು ನೋಡಿ.
ರೋಹಿದಾಸನ ಅಪ್ಪ ಹೆಸರಿಗೆ ಹೊಸ ಬಣ್ಣ ಕೊಡುತ್ತಿದ್ದ,
ಹಳೆಯ ಗೆರೆಯ ಮೇಲೇ ಗೆರೆ.
ಐಸ್‌ಕ್ಯಾಂಡಿ ಚೀಪುತ್ತ ಬದಿಯಲ್ಲಿ ನಿಂತ ಹುಡುಗ
"ದುಗಾ ಅಲ್ಲ ಅಪ್ಪಾ, ದುರ್ಗಾ. ರ ಬಿಟ್ಟುಹೋಗಿದೆ" ಅಂದ.
ಇದ್ದಿಲ ಚೂರು ಹೆಕ್ಕಿ ಬರೆದೂ ತೋರಿಸಿದ.
ಕೊಕ್ಕೆ ತಿರುವುಮುರುವಾಗಿತ್ತಂತೆ, ಇಂಜಿನ್ನಿನ ಹುಡುಗ ನಕ್ಕ.
ನನಗೆ ಓದು ಬಾರದು, ನಾನು ಅಪ್ಪನ ಮುಖ ನೋಡಿದೆ.
ಎಂಟು ವರ್ಷ ಆ ಹೆಸರಿನಲ್ಲೇ ಸಮುದ್ರಕ್ಕೆ ಹೋಗಿಬಂದವ
ಬ್ರಷ್ಷು ಹಿಡಿದ ಕೈ ಹಾಗೇ ಇಳಿಸಿ
ಮಗನಿಗೆ ಜಾಗ ಬಿಟ್ಟು ಸರಿದು ನಿಂತ.

ಇರಲಿ. ಕತ್ತಲಾಯಿತು, ಕೊನೆಯ ಬಸ್ಸು ತಪ್ಪೀತು.
ನಾಳೆ ಬೇಗ ಬಂದು ಆ ರೈಲುಕಂಬಿಯ ತುಂಡಿಗೆ ನೀವೇ ಹೊಡೆಯಿರಿ,
ಎರಡು ತಿಂಗಳು ಕಾಗೆ ಕೂತು ಕೂತು
ಗಂಟೆಯಾಗುವುದು ಅದಕ್ಕೂ ಮರೆತಿರಬೇಕು.
ಮೊದಲ ದಿನ ಪಾಯಸ.
ನಡುವೆ ಒಮ್ಮೆ ಈ ಕಡೆ ಹಣಿಕಿ,
ಬೆಲ್ಲ ಸಾಕೋ ಅಂತ ಒಂದು ಚಮಚ ನೋಡಿ ಹೇಳಿ.
ಹದಿನೇಳು ವರ್ಷವಾಯಿತು,
ಮೊದಲ ದಿನ ನನ್ನ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ.